ಕೋಣೆಯ ಗೋಡೆಗೆ ಎರಡು ವಿರುದ್ಧ ಬಣ್ಣಗಳನ್ನು ಹೋಲಿಸಿ ನೋಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಶೇಡ್ ಕಾರ್ಡಿನಲ್ಲಿ ಇಷ್ಟವಾದ ಬಣ್ಣ ಗೋಡೆಗೆ ಬಂದ ಮೇಲೆ ಬೇರೆಯೇ ಆಗಿ ಕಾಣುತ್ತಿದೆ ಎಂಬ ದೂರು ಓದುಗರಿಂದ ಪದೇ ಪದೇ ಬರುತ್ತಿದೆ. ಅದರಲ್ಲೂ ಕಡುನೀಲಿ ಮತ್ತು ಇಟ್ಟಿಗೆ ಕೆಂಪು, ಬೂದು ಮತ್ತು ಹಳದಿ, ಹೀಗೆ ಒಂದಕ್ಕೊಂದು ತೀರ ಎದುರಾದ ಎರಡು ಬಣ್ಣಗಳ ನಡುವೆ ಸಿಕ್ಕಿಕೊಂಡವರೇ ಹೆಚ್ಚು. ಅವರು ಕೊಡುವ ವಿವರಗಳನ್ನು ಗಮನಿಸಿದರೆ ಬಹುತೇಕ ಎಲ್ಲರೂ ಮಾಡಿರುವುದು ಒಂದೇ ಕೆಲಸ: ಎರಡು ಬಣ್ಣಗಳನ್ನೂ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಅಂಗೈಯಗಲ ಬಳಿದು, ಯಾವುದು ಚೆಂದ ಎಂದು ನೋಡಿದ್ದಾರೆ. ಹಾಗೆ ನೋಡಿದಾಗ ಪ್ರತಿಯೊಂದು ಬಣ್ಣವೂ ಪಕ್ಕದ ಬಣ್ಣದ ಪ್ರಭಾವದಿಂದ ಬದಲಾಗಿ ಕಾಣುವುದರಿಂದ, ಎರಡರ ನಿಜವಾದ ರೂಪವೂ ಕಣ್ಣಿಗೆ ಸಿಗುವುದಿಲ್ಲ. ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಮತ್ತು ಎಲ್ಲಿ ಎಡವುವ ಸಂಭವ ಹೆಚ್ಚು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇಡೀ ಕ್ರಮಕ್ಕೆ ಕನಿಷ್ಠ ಮೂರು ದಿನಗಳಾದರೂ ಬೇಕಾಗುತ್ತವೆ. ಪೇಂಟರ್ ನಾಳೆ ಬೆಳಿಗ್ಗೆ ಬರುವವರಿದ್ದರೆ ದಯವಿಟ್ಟು ಕೆಲಸವನ್ನು ಮುಂದೂಡಿ.

ಬೇಕಾಗುವ ಸಾಮಗ್ರಿಗಳು

ಎರಡು ಬಣ್ಣಗಳ ಸಣ್ಣ ಮಾದರಿ ಡಬ್ಬಿಗಳು, ಸ್ವಲ್ಪ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ಅಡಿಲೇಪ), ಸುಮಾರು 42 ಸೆಂ.ಮೀ. ಅಗಲ ಮತ್ತು 59 ಸೆಂ.ಮೀ. ಎತ್ತರದ ದಪ್ಪ ಬಿಳಿ ರಟ್ಟಿನ ನಾಲ್ಕು ಹಲಗೆಗಳು, ಒಂದು ಚಿಕ್ಕ ರೋಲರ್, ಒಂದು ಬ್ರಷ್, ಮಾಸ್ಕಿಂಗ್ ಟೇಪ್, ಹಲಗೆಗಿಂತ ದೊಡ್ಡದಾದ ಬಿಳಿ ಕಾಗದದ ಎರಡು ಹಾಳೆಗಳು, ಬರೆದಿಟ್ಟುಕೊಳ್ಳಲು ಒಂದು ನೋಟ್‌ಪುಸ್ತಕ. ಒಂದೊಂದು ಬಣ್ಣಕ್ಕೆ ಎರಡೆರಡು ಹಲಗೆ ಏಕೆ ಎಂಬುದು ಆರನೆಯ ಹಂತದಲ್ಲಿ ತಿಳಿಯುತ್ತದೆ. ಒಂದರಲ್ಲೇ ಮುಗಿಸಲು ಹೋಗಬೇಡಿ. ರಟ್ಟು ತೆಳುವಾಗಿದ್ದರೆ ಬಣ್ಣದ ತೇವಕ್ಕೆ ಸುರುಟಿಕೊಂಡು ಬೆಳಕನ್ನು ಏರುಪೇರಾಗಿ ತೋರಿಸುತ್ತದೆಯಾದ್ದರಿಂದ, ದಪ್ಪ ರಟ್ಟೇ ಇರಲಿ.

ಹಂತ 1: ಒಂದನ್ನು ಆರಿಸುತ್ತಿದ್ದೀರೋ, ಎರಡನ್ನೂ ಬಳಸುತ್ತಿದ್ದೀರೋ ತೀರ್ಮಾನಿಸಿ

ಎರಡು ಬಣ್ಣಗಳನ್ನು ಹೋಲಿಸುವುದು ಎಂದರೆ ಎರಡು ಬೇರೆ ಬೇರೆ ಕೆಲಸಗಳಾಗಬಹುದು. ಎರಡರಲ್ಲಿ ಒಂದನ್ನು ಮಾತ್ರ ಕೋಣೆಗೆ ಬಳಿಯುವುದು ಒಂದು. ಎರಡನ್ನೂ ಒಂದೇ ಕೋಣೆಯಲ್ಲಿ, ಮೂರು ಗೋಡೆಗೆ ಒಂದು, ನಾಲ್ಕನೆಯ ಗೋಡೆಗೆ ಇನ್ನೊಂದು ಎಂಬಂತೆ ಬಳಸುವುದು ಇನ್ನೊಂದು. ಮೊದಲನೆಯದರಲ್ಲಿ ಬಣ್ಣಗಳು ಎಂದೂ ಪರಸ್ಪರ ಭೇಟಿಯಾಗುವುದೇ ಇಲ್ಲವಾದ್ದರಿಂದ, ಅವುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಎರಡನೆಯದರಲ್ಲಿ ಅವು ದಿನವಿಡೀ ಒಟ್ಟಿಗೇ ಇರುತ್ತವೆ. ಆದ್ದರಿಂದ ಬಿಡಿಬಿಡಿಯಾಗಿ ನೋಡಿದರೆ ಸಾಲದು.

ಪಕ್ಕದ ಬಣ್ಣ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ತಿಳಿ ಬೂದು ಬಣ್ಣದ ಒಂದೇ ಕಾಗದದಿಂದ ಎರಡು ಸಣ್ಣ ಚೌಕಗಳನ್ನು ಕತ್ತರಿಸಿ, ಒಂದನ್ನು ಗಾಢ ಹಳದಿ ಹಾಳೆಯ ನಡುವೆ, ಇನ್ನೊಂದನ್ನು ಗಾಢ ಕೆಂಪು ಹಾಳೆಯ ನಡುವೆ ಇಡಿ. ಹಳದಿಯ ಮೇಲಿನ ಬೂದು ತುಸು ನೇರಳೆ ಅಥವಾ ನೀಲಿಯತ್ತ ವಾಲಿದಂತೆಯೂ, ಕೆಂಪಿನ ಮೇಲಿನದು ತುಸು ಹಸಿರಿನತ್ತ ವಾಲಿದಂತೆಯೂ ಕಾಣುತ್ತದೆ. ಫ್ರಾನ್ಸಿನ ರಸಾಯನವಿಜ್ಞಾನಿ ಷೆವ್ರೊಲ್ 1839ರಲ್ಲಿ ವಿವರಿಸಿದ ಈ ಪರಿಣಾಮವನ್ನು ಮನಸ್ಸು ಗಟ್ಟಿಮಾಡಿ ತಡೆಯಲು ಸಾಧ್ಯವಿಲ್ಲ; ನೋಡುವ ಕ್ರಮವನ್ನು ಬದಲಾಯಿಸುವುದೊಂದೇ ದಾರಿ.

ಒಂದನ್ನೇ ಆರಿಸುವವರು ಏಳನೆಯ ಹಂತವನ್ನು ಬಿಟ್ಟುಬಿಡಬಹುದು. ಆದರೆ ಎರಡನ್ನೂ ಬಳಸುವವರು ಸಹ ಆರನೆಯದನ್ನು ಬಿಡುವಂತಿಲ್ಲ, ಏಕೆಂದರೆ ತನ್ನಷ್ಟಕ್ಕೆ ಕೋಣೆಗೆ ಒಗ್ಗದ ಬಣ್ಣ ಜೋಡಿಯಲ್ಲೂ ಒಗ್ಗುವುದು ಅಪರೂಪ.

ಹಂತ 2: ಕೋಣೆಯಲ್ಲಿ ಬದಲಾಗದೆ ಉಳಿಯುವುದನ್ನು ಪಟ್ಟಿ ಮಾಡಿ

ನೆಲ, ಬಾಗಿಲು ಮತ್ತು ಕಿಟಕಿಗಳ ಚೌಕಟ್ಟು, ದೊಡ್ಡ ಕಪಾಟು, ಮಂಚ, ಸೋಫಾ, ಪರದೆ, ಚಾವಣಿಯ ಬಣ್ಣ ಇವುಗಳಲ್ಲಿ ಯಾವುದನ್ನು ಬದಲಾಯಿಸುವುದಿಲ್ಲವೋ ಅದನ್ನು ಬರೆದುಕೊಳ್ಳಿ. ಹೊಸ ಬಣ್ಣ ಹೊಂದಬೇಕಾಗಿರುವುದು ಮೊದಲು ಇವುಗಳ ಜೊತೆಗೆ. ನೆಲದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು: ಕಿಟಕಿಯಿಂದ ಬಂದ ಬೆಳಕು ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಗೋಡೆಯ ಕೆಳಭಾಗವನ್ನು ಬೆಳಗುವುದರಿಂದ, ಕೆಂಪು ನೆಲವಿರುವ ಕೋಣೆಯಲ್ಲಿ ತಿಳಿಬಣ್ಣದ ಗೋಡೆ ತುಸು ಕೆಂಪೇರಿದಂತೆ ಕಾಣುತ್ತದೆ. ಕಿಟಕಿಯ ಹೊರಗೆ ದಟ್ಟವಾದ ಮರವಿದ್ದರೆ ಒಳಗೆ ಬರುವ ಬೆಳಕಿಗೇ ಹಸಿರು ಛಾಯೆ ಇರುತ್ತದೆ. ಇಂಥ ಕೋಣೆಯಲ್ಲಿ ಬೂದು ಬಣ್ಣ ಪಾಚಿಗಟ್ಟಿದಂತೆ ಕಂಡರೆ ಅದು ಬಣ್ಣ ಕಲಸಿದವರ ದೋಷವಲ್ಲ.

ಹಂತ 3: ಶೇಡ್ ಕಾರ್ಡಿನಲ್ಲಿ ಓದಬೇಕಾದುದನ್ನು ಓದಿ

ಶೇಡ್ ಕಾರ್ಡಿನ ಪುಟ್ಟ ಚೌಕವನ್ನು ನೋಡಿ ಬಣ್ಣವನ್ನು ತೀರ್ಮಾನಿಸಲಾಗದಿದ್ದರೂ, ಅದರಿಂದ ಎರಡು ಸಂಗತಿಗಳನ್ನು ತಿಳಿಯಬಹುದು.

ಮೊದಲನೆಯದು ಬೆಳಕಿನ ಪ್ರತಿಫಲನ ಮೌಲ್ಯ. ಕಾರ್ಡಿನ ಹಿಂಬದಿಯಲ್ಲೋ ತಯಾರಕರ ಮಾಹಿತಿ ಪತ್ರದಲ್ಲೋ ಎಲ್‌ಆರ್‌ವಿ ಎಂಬ ಹೆಸರಿನಲ್ಲಿ ಇದನ್ನು ಕೊಟ್ಟಿರುತ್ತಾರೆ. ಪೂರ್ಣ ಕಪ್ಪಿಗೆ 0, ಪೂರ್ಣ ಬಿಳಿಗೆ 100 ಎಂಬ ಅಳತೆ ಇದು. ನಿಮ್ಮ ಎರಡು ಬಣ್ಣಗಳ ಮೌಲ್ಯಗಳನ್ನು ಬರೆದುಕೊಂಡು ಅವುಗಳ ನಡುವಿನ ಅಂತರವನ್ನು ನೋಡಿ. ಅಂತರ 30ಕ್ಕಿಂತ ಹೆಚ್ಚಿದ್ದರೆ ಎರಡು ಗೋಡೆಗಳು ಮಬ್ಬು ಬೆಳಕಿನಲ್ಲೂ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ. ಬಣ್ಣಗಳು ಕೆಂಪು ಮತ್ತು ಹಸಿರಿನಷ್ಟು ಭಿನ್ನವಾಗಿದ್ದರೂ ಅಂತರ ತೀರ ಕಡಿಮೆಯಿದ್ದರೆ, ಅವುಗಳ ನಡುವೆ ಇರುವುದು ವರ್ಣದ ವ್ಯತ್ಯಾಸ ಮಾತ್ರ, ತಿಳಿ-ಗಾಢದ ವ್ಯತ್ಯಾಸವಲ್ಲ. ಇದು ಏಳನೆಯ ಹಂತದಲ್ಲಿ ಮುಖ್ಯವಾಗುತ್ತದೆ.

ಎರಡನೆಯದು ಒಳಛಾಯೆ. ಬೂದು, ಕೆನೆ, ಮಣ್ಣಿನ ಬಣ್ಣಗಳಂಥವು ತಟಸ್ಥವಾಗಿ ಕಂಡರೂ ಒಳಗೆ ನೀಲಿಯನ್ನೋ ಹಳದಿಯನ್ನೋ ಗುಲಾಬಿಯನ್ನೋ ಅಡಗಿಸಿಕೊಂಡಿರುತ್ತವೆ. ಕಾರ್ಡನ್ನು ಅಚ್ಚ ಬಿಳಿ ಕಾಗದದ ಮೇಲಿಟ್ಟು ಅದೇ ಪಟ್ಟಿಯ ಅತ್ಯಂತ ಗಾಢ ಚೌಕವನ್ನು ನೋಡಿ. ತಿಳಿ ಚೌಕದಲ್ಲಿ ಕಾಣದ ಒಳಛಾಯೆ ಸಾಮಾನ್ಯವಾಗಿ ಅಲ್ಲಿ ಎದ್ದು ಕಾಣುತ್ತದೆ. ನಾಲ್ಕು ಗೋಡೆಗೆ ಬಳಿದ ಮೇಲೆ ಈ ಒಳಛಾಯೆಯೇ ಮುಂದೆ ಬರುತ್ತದೆ.

ಹಂತ 4: ಮಾದರಿ ಹಲಗೆಗಳನ್ನು ಸಿದ್ಧಪಡಿಸಿ

ಮಾದರಿಯನ್ನು ನೇರವಾಗಿ ಗೋಡೆಗೆ ಬಳಿಯಬೇಡಿ ಎಂಬುದು ನನ್ನ ದೃಢವಾದ ಸಲಹೆ. ಗೋಡೆಯ ಮೇಲಿನ ಮಾದರಿಯನ್ನು ಇನ್ನೊಂದು ಮೂಲೆಗೆ ಒಯ್ಯಲಾಗದು. ಸುತ್ತಲಿನ ಹಳೆಯ ಬಣ್ಣ ಅದರ ಮೇಲೆ ಪ್ರಭಾವ ಬೀರುತ್ತಲೇ ಇರುತ್ತದೆ. ಜೊತೆಗೆ ಅದರ ಅಂಚಿನ ಗೀರು ಮುಂದೆ ಹೊಸ ಬಣ್ಣದ ಅಡಿಯಿಂದಲೂ ಎದ್ದು ಕಾಣಬಹುದು.

ನಾಲ್ಕೂ ಹಲಗೆಗಳಿಗೆ ಒಂದು ಕೋಟ್ ಪ್ರೈಮರ್ ಹಚ್ಚಿ ಒಣಗಿಸಿ. ಅನಂತರ ಡಬ್ಬಿಯ ತಳಕ್ಕೆ ಕೋಲು ತಾಗುವಂತೆ ಚೆನ್ನಾಗಿ ಕಲಕಿ, ಪ್ರತಿಯೊಂದು ಬಣ್ಣವನ್ನೂ ಎರಡೆರಡು ಹಲಗೆಗಳಿಗೆ, ಅಂಚಿನವರೆಗೂ, ರೋಲರಿನಿಂದಲೇ ಬಳಿಯಿರಿ. ಬ್ರಷ್ಷಿನಿಂದ ಬಳಿದ ಮೇಲ್ಮೈಯಲ್ಲಿ ಗೆರೆಗಳು ಮೂಡಿ ಬಣ್ಣ ತುಸು ಬೇರೆಯಾಗಿ ಕಾಣುವುದರಿಂದ, ಗೋಡೆಗೆ ಯಾವ ಉಪಕರಣ ಬಳಸಲಿದ್ದೀರೋ ಹಲಗೆಗೂ ಅದನ್ನೇ ಬಳಸಬೇಕು. ಬ್ರಷ್ ಅಂಚುಗಳಿಗೆ ಮಾತ್ರ. ಎರಡು ಕೋಟ್‌ಗಳು ಕಡ್ಡಾಯ. ಅವುಗಳ ನಡುವೆ ಡಬ್ಬಿಯ ಮೇಲೆ ಬರೆದಿರುವಷ್ಟು ಹೊತ್ತು ಬಿಡಿ, ಎರಡನೆಯ ಕೋಟ್ ಆದ ಮೇಲೆ ಇಡೀ ಒಂದು ದಿನ ಒಣಗಲು ಬಿಡಿ.

ಒಣಗುವುದಕ್ಕೆ ಮುಂಚೆ ತೀರ್ಪು ಕೊಡುವುದು ಇಲ್ಲಿಯ ಅತಿ ಸಾಮಾನ್ಯ ತಪ್ಪು. ನೀರು ಆಧಾರಿತ ಎಮಲ್ಷನ್ ಬಣ್ಣದಲ್ಲಿರುವ ಅಂಟು ಹಸಿಯಾಗಿರುವಾಗ ಹಾಲಿನಂತೆ ಬೆಳ್ಳಗಿದ್ದು, ಒಣಗಿದಾಗ ಪಾರದರ್ಶಕವಾಗುತ್ತದೆ. ಆದ್ದರಿಂದ ಬಣ್ಣ ಹಸಿಯಿರುವಾಗ ತಿಳಿಯಾಗಿಯೂ ಒಣಗಿದ ಮೇಲೆ ಗಾಢವಾಗಿಯೂ ಕಾಣುತ್ತದೆ. ಗಾಢ ಬಣ್ಣಗಳಲ್ಲಿ ಈ ವ್ಯತ್ಯಾಸ ಹೆಚ್ಚು.

ಹೊಳಪಿನ ಮಟ್ಟವೂ ಎರಡು ಮಾದರಿಗಳಲ್ಲಿ ಒಂದೇ ಇರಬೇಕು. ಒಂದೇ ಶೇಡ್ ನಂಬರಿನ ಬಣ್ಣ ಹೊಳಪಿಲ್ಲದ ಮ್ಯಾಟ್‌ನಲ್ಲಿ ತುಸು ತಿಳಿಯಾಗಿ, ಮೃದುವಾಗಿ ಕಾಣುತ್ತದೆ. ತುಸು ಹೊಳೆಯುವ ಸ್ಯಾಟಿನ್ ಅಥವಾ ಚೆನ್ನಾಗಿ ಹೊಳೆಯುವ ಗ್ಲಾಸಿ ಫಿನಿಶ್‌ನಲ್ಲಿ ಹೆಚ್ಚು ಗಾಢವಾಗಿ ಕಾಣುತ್ತದೆ. ನೀಲಿಯನ್ನು ಮ್ಯಾಟ್‌ನಲ್ಲೂ ಕೆಂಪನ್ನು ಸ್ಯಾಟಿನ್‌ನಲ್ಲೂ ತಂದು ಹೋಲಿಸಿದವರು ಹೋಲಿಸಿರುವುದು ಅರ್ಧ ಬಣ್ಣವನ್ನು, ಅರ್ಧ ಹೊಳಪನ್ನು.

ಕೊನೆಯದಾಗಿ, ಪ್ರತಿ ಹಲಗೆಯ ಹಿಂದೆ ಬಣ್ಣದ ಹೆಸರು, ಶೇಡ್ ನಂಬರ್, ಹೊಳಪಿನ ಬಗೆ, ಬಳಿದ ದಿನಾಂಕ ಇವನ್ನು ಬರೆದಿಡಿ.

ಹಂತ 5: ಬೆಳಕನ್ನು ಮೊದಲು ಸರಿಪಡಿಸಿಕೊಳ್ಳಿ

ರಾತ್ರಿ ಬಲ್ಬಿನ ಬೆಳಕಿನಲ್ಲಿ ಹೊಂದಿಕೊಂಡ ಎರಡು ಬಣ್ಣಗಳು ಹಗಲಿನಲ್ಲಿ ಬೇರೆಬೇರೆಯಾಗಿ ಕಾಣಬಹುದು. ಬಣ್ಣದೊಳಗಿನ ವರ್ಣದ್ರವ್ಯಗಳು ಬೇರೆ ಬೇರೆ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಹೀಗಾಗಿ ಬಲ್ಬುಗಳನ್ನು ಬದಲಾಯಿಸುವ ಯೋಚನೆಯಿದ್ದರೆ ಬಣ್ಣ ಆರಿಸಿದ ಮೇಲೆ ಬದಲಾಯಿಸದೆ, ಈಗಲೇ ಬದಲಾಯಿಸಿಬಿಡಿ.

ಬಲ್ಬಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನು ಹುಡುಕಿ. ಒಂದು ಬೆಳಕಿನ ಬಣ್ಣವನ್ನು ಹೇಳುವ ಕೆಲ್ವಿನ್ ಅಂಕಿ: 2700ರ ಆಸುಪಾಸಿನ ಬೆಳಕು ಹಳದಿ ಮಿಶ್ರಿತವಾಗಿದ್ದು ಕೆಂಪು, ಹಳದಿ, ಮಣ್ಣಿನ ಬಣ್ಣಗಳನ್ನು ಬೆಚ್ಚಗೆ ತೋರಿಸುತ್ತದೆ ಮತ್ತು ನೀಲಿಯನ್ನು ಮಂಕಾಗಿಸುತ್ತದೆ, 6500ರ ಬೆಳಕು ನೀಲಿ ಮಿಶ್ರಿತ ಬಿಳಿಯಾಗಿದ್ದು ನೀಲಿ, ಬೂದುಗಳನ್ನು ಚುರುಕಾಗಿಸುತ್ತದೆ ಮತ್ತು ಕೆನೆ ಬಣ್ಣವನ್ನು ಕಳೆಗುಂದಿಸುತ್ತದೆ, 4000 ಇವೆರಡರ ನಡುವಿನದು. ಇನ್ನೊಂದು ಸಿಆರ್‌ಐ ಎಂಬ ಅಂಕಿ. ಬಣ್ಣಗಳನ್ನು ಇದ್ದಂತೆ ತೋರಿಸುವ ಸಾಮರ್ಥ್ಯವನ್ನು ಇದು ಸೂಚಿಸುತ್ತದೆ. ಇದರ ಗರಿಷ್ಠ ಮಿತಿ 100. 80ರಷ್ಟಿರುವ ಎಲ್‌ಇಡಿ ಬಲ್ಬುಗಳಲ್ಲಿ ಕೆಂಪು ಬಣ್ಣಗಳು ಜೀವ ಕಳೆದುಕೊಂಡಂತೆ ಕಾಣುವುದುಂಟು. ನಿಮ್ಮ ಆಯ್ಕೆಯಲ್ಲಿ ಕೆಂಪು ಇದ್ದರೆ 90 ಅಥವಾ ಅದಕ್ಕಿಂತ ಹೆಚ್ಚಿನ ಬಲ್ಬನ್ನೇ ಹಾಕಿ ನೋಡಿ.

ಹಗಲಿನ ಬೆಳಕೂ ಒಂದೇ ಬಗೆಯದಲ್ಲ. ನೇರ ಬಿಸಿಲು ಬಾರದ ಕಿಟಕಿಯಿಂದ ಒಳಗೆ ಬರುವುದು ಹೆಚ್ಚಾಗಿ ಆಕಾಶದ ಚದುರಿದ ಬೆಳಕು; ಅದು ತುಸು ನೀಲಿ ಛಾಯೆಯದು. ಪಶ್ಚಿಮದ ಕಿಟಕಿಯಿರುವ ಕೋಣೆ ಬೆಳಿಗ್ಗೆ ತಣ್ಣಗಿದ್ದು, ಸಂಜೆ ಕೆಂಪು ಮಿಶ್ರಿತ ಹಳದಿಯಿಂದ ತುಂಬುತ್ತದೆ. ಆ ಕೋಣೆಯನ್ನು ನೀವು ದಿನದ ಯಾವ ಹೊತ್ತಿನಲ್ಲಿ ಹೆಚ್ಚಾಗಿ ಬಳಸುತ್ತೀರಿ ಎಂಬುದನ್ನು ಬರೆದುಕೊಳ್ಳಿ. ರಾತ್ರಿ ಮಾತ್ರ ಬಳಸುವ ಮಲಗುವ ಕೋಣೆಗೆ ಮಧ್ಯಾಹ್ನದ ಬೆಳಕಿನಲ್ಲಿ ಬಣ್ಣ ಆರಿಸುವುದರಲ್ಲಿ ಅರ್ಥವಿಲ್ಲ.

ಹಂತ 6: ಒಂದೊಂದು ಬಣ್ಣವನ್ನೇ ಬಿಡಿಯಾಗಿ ನೋಡಿ

ಇದು ಇಡೀ ಕ್ರಮದ ಮುಖ್ಯ ಹಂತ. ಮೊದಲ ದಿನ ಒಂದು ಬಣ್ಣದ ಎರಡು ಹಲಗೆಗಳನ್ನು ಮಾತ್ರ ಕೋಣೆಗೆ ತನ್ನಿ. ಇನ್ನೊಂದು ಬಣ್ಣದವು ಕಣ್ಣಿಗೆ ಬೀಳದಂತೆ ಬೇರೆ ಕೋಣೆಯಲ್ಲಿರಲಿ. ಗೋಡೆಯ ಹಳೆಯ ಬಣ್ಣ ಗಾಢವಾಗಿದ್ದರೆ ಮೊದಲು ಬಿಳಿ ಹಾಳೆಯನ್ನು ಅಂಟಿಸಿ, ಅದರ ಮೇಲೆ ಹಲಗೆಯನ್ನು ಟೇಪಿನಿಂದ ನಿಲ್ಲಿಸಿ. ಹಲಗೆ ಯಾವಾಗಲೂ ಗೋಡೆಯಂತೆ ನೆಟ್ಟಗೆ ನಿಂತಿರಬೇಕು. ಮೇಜಿನ ಮೇಲೆ ಮಲಗಿಸಿದ ಮಾದರಿಗೆ ಬೆಳಕು ಮೇಲಿನಿಂದ ಬಿದ್ದು ಬಣ್ಣ ಹೆಚ್ಚು ತಿಳಿಯಾಗಿ ಕಾಣುತ್ತದೆ.

ಹಲಗೆಯನ್ನು ನಾಲ್ಕು ಕಡೆ ಇಟ್ಟು ನೋಡಿ: ಕಿಟಕಿಗೆ ಎದುರಾದ ಗೋಡೆ, ಕಿಟಕಿಯೇ ಇರುವ ಗೋಡೆ, ನೆಲಕ್ಕೆ ತಾಗಿದ ಜಾಗ, ಚಾವಣಿಯ ಅಂಚು. ಕಿಟಕಿಯಿರುವ ಗೋಡೆಯನ್ನು ಜನ ಮರೆತೇಬಿಡುತ್ತಾರೆ. ಅದರ ಮೇಲೆ ನೇರ ಬೆಳಕು ಬೀಳುವುದೇ ಇಲ್ಲವಾದ್ದರಿಂದ ಮತ್ತು ಪಕ್ಕದಲ್ಲೇ ಕಿಟಕಿ ಕಣ್ಣು ಕೋರೈಸುವುದರಿಂದ, ಗಾಢ ಬಣ್ಣ ಅತ್ಯಂತ ಕಪ್ಪಾಗಿ ಕಾಣುವುದು ಅಲ್ಲೇ. ಕಡುನೀಲಿಯನ್ನು ಬಯಸುವವರು ಅದನ್ನು ಮೊದಲು ಈ ಗೋಡೆಯಲ್ಲಿ ಪರೀಕ್ಷಿಸಲಿ. ಇಲ್ಲಿ ನೀಲಿಯಾಗಿ ಕಂಡರೆ ಉಳಿದ ಮೂರರಲ್ಲೂ ನೀಲಿಯಾಗಿಯೇ ಕಾಣುತ್ತದೆ.

ಈಗ ಎರಡನೆಯ ಹಲಗೆಯ ಸರದಿ. ಒಂದೇ ಬಣ್ಣದ ಎರಡು ಹಲಗೆಗಳನ್ನು ಗೋಡೆಗಳು ಕೂಡುವ ಮೂಲೆಯಲ್ಲಿ, ಒಂದೊಂದು ಗೋಡೆಗೆ ಒಂದರಂತೆ, ಅಂಚಿಗೆ ಅಂಚು ತಾಗಿಸಿ ನಿಲ್ಲಿಸಿ. ಬೆಳಕು ಒಂದು ಹಲಗೆಯಿಂದ ಇನ್ನೊಂದಕ್ಕೆ ಪುಟಿಯುವಾಗ ಪ್ರತಿಸಲವೂ ಆ ಬಣ್ಣವನ್ನೇ ಹೊತ್ತೊಯ್ಯುವುದರಿಂದ, ಮೂಲೆಯ ಒಳಭಾಗದಲ್ಲಿ ಬಣ್ಣ ಹಲಗೆಯ ಹೊರ ಅಂಚಿಗಿಂತ ತೀವ್ರವಾಗಿ ಕಾಣುತ್ತದೆ. ಇಟ್ಟಿಗೆ ಕೆಂಪಿನಲ್ಲಿ ಇದನ್ನು ಹತ್ತಿರದಿಂದ ನೋಡಿ: ಹೊರ ಅಂಚಿನಲ್ಲಿ ಸಾಧುವಾಗಿರುವ ಬಣ್ಣ ಮೂಲೆಯ ಗೆರೆಯತ್ತ ಹೋದಂತೆ ಕಿತ್ತಳೆಯ ಕಾವನ್ನು ಪಡೆಯುತ್ತದೆ, ಹಲಗೆಗಳನ್ನು ಚಾವಣಿಗೆ ತಾಗುವಂತೆ ಎತ್ತಿ ಹಿಡಿದರೆ ಬಿಳಿ ಚಾವಣಿಯ ಅಂಚಿನಲ್ಲೂ ಒಂದು ಕೆಂಪು ನೆರಳು ಮೂಡುತ್ತದೆ. ನಾಲ್ಕು ಗೋಡೆಗೂ ಬಳಿದ ಕೋಣೆ ಹಲಗೆಯ ಹೊರ ಅಂಚಿಗಿಂತ ಈ ಒಳಮೂಲೆಯನ್ನೇ ಹೆಚ್ಚು ಹೋಲುತ್ತದೆ. ಅಲ್ಲಿ ಬಣ್ಣ ಅತಿಯಾಯಿತು ಎನಿಸಿದರೆ ಅದೇ ಪಟ್ಟಿಯಲ್ಲಿ ಒಂದು ಮೆಟ್ಟಿಲು ತಿಳಿಯಾದ ಶೇಡನ್ನು ತಂದು ಪರೀಕ್ಷಿಸಬೇಕು.

ಬೆಳಿಗ್ಗೆ, ಮಧ್ಯಾಹ್ನ, ಸೂರ್ಯ ಮುಳುಗುವ ಹೊತ್ತು ಮತ್ತು ದೀಪ ಹಾಕಿದ ಮೇಲೆ, ಹೀಗೆ ನಾಲ್ಕು ಸಲ ನೋಡಿ, ಪ್ರತಿಸಲವೂ ಒಂದೆರಡು ವಾಕ್ಯ ಬರೆದಿಡಿ. ಇಷ್ಟವಾಯಿತು, ಇಷ್ಟವಾಗಲಿಲ್ಲ ಎಂದು ಬರೆದರೆ ಪ್ರಯೋಜನವಿಲ್ಲ; ಕಂಡದ್ದನ್ನು ಬರೆಯಿರಿ: ಕಿಟಕಿ ಗೋಡೆಯಲ್ಲಿ ಕಪ್ಪು, ನೆಲದ ಹತ್ತಿರ ನೇರಳೆ, ಬಾಗಿಲಿನ ಮರದ ಪಕ್ಕ ಚೆನ್ನಾಗಿ ಹೊಂದುತ್ತದೆ, ಹೀಗೆ. ಮುಸ್ಸಂಜೆಯ ನೋಟವನ್ನು ಬಿಡಬೇಡಿ. ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣು ಕೆಂಪಿಗೆ ಬೇಗ ಮಂಕಾಗುತ್ತದೆ, ನೀಲಿಯನ್ನು ಹೆಚ್ಚು ಹೊತ್ತು ಗ್ರಹಿಸುತ್ತದೆ. ಹೀಗಾಗಿ ಮಧ್ಯಾಹ್ನ ಸಮಸಮವಾಗಿದ್ದ ಕೆಂಪು ಮತ್ತು ನೀಲಿಗಳಲ್ಲಿ, ಮಬ್ಬು ಕವಿದಾಗ ಕೆಂಪು ಮೊದಲು ಕಪ್ಪಾಗುತ್ತದೆ.

ಮರುದಿನ ಎರಡನೆಯ ಬಣ್ಣಕ್ಕೆ ಇದನ್ನೆಲ್ಲ ಅದೇ ಜಾಗಗಳಲ್ಲಿ, ಅದೇ ಹೊತ್ತುಗಳಲ್ಲಿ ಮಾಡಿ. ಮೊದಲ ದಿನ ಬಿಸಿಲಿದ್ದು ಎರಡನೆಯ ದಿನ ಮೋಡವಿದ್ದರೆ ಹೋಲಿಕೆ ಸರಿಬರುವುದಿಲ್ಲ. ಇನ್ನೊಂದು ದಿನ ಕಾಯಿರಿ. ಬಳಿಕ ಎರಡು ದಿನಗಳ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿ. ಅಕ್ಕಪಕ್ಕ ಇಡಬೇಕಾದದ್ದು ಈ ಬರಹಗಳನ್ನು, ಹಲಗೆಗಳನ್ನಲ್ಲ. ಒಂದನ್ನೇ ಆರಿಸುವವರು, ಕೋಣೆಯನ್ನು ಹೆಚ್ಚು ಬಳಸುವ ಹೊತ್ತಿನಲ್ಲಿ ಯಾವ ಬಣ್ಣದ ಬಗ್ಗೆ ಕಡಿಮೆ ದೂರುಗಳಿವೆಯೋ ಅದನ್ನು ಆರಿಸಲಿ.

ಹಂತ 7: ಎರಡನ್ನೂ ಬಳಸುವುದಾದರೆ ಪ್ರಮಾಣಕ್ಕೆ ತಕ್ಕಂತೆ ಜೋಡಿಸಿ ನೋಡಿ

ಎರಡು ಹಲಗೆಗಳನ್ನು ಸಮಸಮವಾಗಿ ಇಟ್ಟು ನೋಡುವುದು ಇಲ್ಲಿಯ ದೊಡ್ಡ ತಪ್ಪು, ಏಕೆಂದರೆ ಕೋಣೆಯಲ್ಲಿ ಎರಡು ಬಣ್ಣಗಳು ಸಮಪಾಲಾಗಿ ಬರುವುದು ವಿರಳ. ಮೂರು ಗೋಡೆಗೆ ಒಂದು, ಒಂದು ಗೋಡೆಗೆ ಇನ್ನೊಂದು ಎಂದಾದರೆ, ಮೊದಲ ಬಣ್ಣದ ಎರಡೂ ಹಲಗೆಗಳನ್ನು ಪೂರ್ತಿಯಾಗಿ ತೆರೆದಿಟ್ಟು, ಎರಡನೆಯ ಬಣ್ಣದ ಒಂದೇ ಹಲಗೆಯಲ್ಲಿ ಮೂರನೆಯ ಒಂದು ಭಾಗವನ್ನು ಬಿಳಿ ಕಾಗದದಿಂದ ಮುಚ್ಚಿ ಇಡಿ. ಗಾಢ ಬಣ್ಣಕ್ಕೆ ಕಡಿಮೆ ಪಾಲು, ತಿಳಿ ಬಣ್ಣಕ್ಕೆ ಹೆಚ್ಚು ಪಾಲು ಕೊಟ್ಟು ಪ್ರಾರಂಭಿಸುವುದು ಸುರಕ್ಷಿತ. ಆಮೇಲೆ ಅದಲುಬದಲು ಮಾಡಿ ನೋಡಿ.

ಜೋಡಿಸಿದ ಹಲಗೆಗಳನ್ನು ಗೋಡೆಗಳು ನಿಜವಾಗಿ ಕೂಡುವ ಮೂಲೆಯಲ್ಲೇ ನಿಲ್ಲಿಸಿ, ಕೋಣೆಯ ಬಾಗಿಲಿನಿಂದ ನೋಡಿ. ಅನಂತರ ಕಣ್ಣುಗಳನ್ನು ಅರ್ಧ ಮುಚ್ಚಿ ನೋಡಿ: ವರ್ಣ ಹಿಂದೆ ಸರಿದು ತಿಳಿ-ಗಾಢದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಎರಡೂ ಒಂದೇ ಮುದ್ದೆಯಾಗಿ ಬೆರೆತುಹೋದರೆ ಪ್ರತಿಫಲನ ಮೌಲ್ಯದ ಅಂತರ ಸಾಲದು ಎಂದರ್ಥ. ಫೋನಿನಲ್ಲಿ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು ಕಪ್ಪು-ಬಿಳುಪು ಚಿತ್ರ ಮಾಡಿದರೂ ಇದು ತಿಳಿಯುತ್ತದೆ. ಫೋನಿನ ಉಪಯೋಗ ಇಲ್ಲಿಗೆ ಮುಗಿಯಿತು. ಕ್ಯಾಮೆರಾ ಬೆಳಕಿಗೆ ತಕ್ಕಂತೆ ತಾನಾಗಿಯೇ ಬಣ್ಣಗಳನ್ನು ತಿದ್ದುವುದರಿಂದ, ಫೋಟೊ ಕಳುಹಿಸಿ ಇತರರ ಅಭಿಪ್ರಾಯ ಕೇಳಿ ಬಣ್ಣ ಆರಿಸುವುದನ್ನು ಖಂಡಿತ ಮಾಡಬೇಡಿ.

ಮನೆಯವರನ್ನು ಕರೆದು ತೋರಿಸುವುದಾದರೆ ಒಬ್ಬೊಬ್ಬರಾಗಿ ಬಂದು ನೋಡಲಿ. ಕೆಂಪು-ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದವರು ಇರಬಹುದು. ವಯಸ್ಸಾದಂತೆ ಕಣ್ಣಿನ ಮಸೂರಕ್ಕೆ ಹಳದಿ ಬರುವುದರಿಂದ ಹಿರಿಯರಿಗೆ ನೀಲಿ ಹೆಚ್ಚು ಮಂಕಾಗಿ ಕಾಣುತ್ತದೆ. ಆ ಕೋಣೆಯಲ್ಲಿ ಇರುವವರು ಅವರೇ ಆಗಿದ್ದರೆ ಅವರ ಕಣ್ಣಿಗೆ ಕಂಡದ್ದೇ ಸರಿಯಾದ ಬಣ್ಣ.

ನಿಲ್ಲಿಸಿ ಮತ್ತೆ ಯೋಚಿಸಬೇಕಾದ ಸೂಚನೆಗಳು

ಎರಡು ಬಣ್ಣಗಳು ಕೂಡುವ ಗೆರೆ ಅದುರಿದಂತೆ, ಮಿನುಗಿದಂತೆ ಕಂಡರೆ ಎಚ್ಚರಗೊಳ್ಳಿ. ಪರಸ್ಪರ ವಿರುದ್ಧವಾದ ಎರಡು ತೀವ್ರ ಬಣ್ಣಗಳು ಒಂದೇ ಮಟ್ಟದ ಗಾಢತೆ ಹೊಂದಿರುವಾಗ ಹೀಗಾಗುತ್ತದೆ, ಅಂಥ ಕೋಣೆಯಲ್ಲಿ ಕಣ್ಣು ಬೇಗ ದಣಿಯುತ್ತದೆ. ಎರಡನ್ನೂ ಬಿಡಬೇಕಾಗಿಲ್ಲ, ಒಂದನ್ನು ಸಾಕಷ್ಟು ತಿಳಿ ಮಾಡಿದರೆ ಅಥವಾ ನಡುವೆ ಬಿಳಿಯ ಪಟ್ಟಿ ಬರುವಂತೆ ಮಾಡಿದರೆ ಸಾಕಾಗುತ್ತದೆ.

ಒಂದು ಹಲಗೆಯಿಂದ ಕಣ್ಣು ತೆಗೆದು ಬಿಳಿ ಗೋಡೆ ನೋಡಿದಾಗ ವಿರುದ್ಧ ಬಣ್ಣದ ನೆರಳು ತೇಲಿದರೆ ಕಣ್ಣು ದಣಿದಿದೆ ಎಂದರ್ಥ. ಆ ಹೊತ್ತಿನಲ್ಲಿ ಮುಂದಿನ ಬಣ್ಣ ನೋಡಬೇಡಿ. ಕೆಲವು ನಿಮಿಷ ಹೊರಗೆ ದೂರಕ್ಕೆ ದೃಷ್ಟಿ ಹಾಯಿಸಿ ಬನ್ನಿ. ದಿನದ ನಾಲ್ಕು ನೋಟಗಳಲ್ಲಿ ಒಂದರಲ್ಲಿ ಮಾತ್ರ ಬಣ್ಣ ಚೆನ್ನಾಗಿದ್ದು ಉಳಿದ ಮೂರರಲ್ಲಿ ನೀವು ಅದಕ್ಕೆ ಸಮಜಾಯಿಷಿ ಬರೆಯುತ್ತಿದ್ದರೆ, ಆ ಬಣ್ಣವನ್ನು ಕೈಬಿಡಿ.

ಹಂತ 8: ಡಬ್ಬಿ ತರುವಾಗ ಮತ್ತು ಮೊದಲ ಕೋಟ್ ಹಚ್ಚುವಾಗ

ಹೆಸರು ಹೇಳಿ ಬಣ್ಣ ತರಬೇಡಿ, ಹಲಗೆಯ ಹಿಂದೆ ಬರೆದ ಶೇಡ್ ನಂಬರನ್ನೂ ಹೊಳಪಿನ ಬಗೆಯನ್ನೂ ತೋರಿಸಿ ತನ್ನಿ. ಒಂದೇ ಬಣ್ಣದ ಎಲ್ಲ ಡಬ್ಬಿಗಳ ಬ್ಯಾಚ್ ನಂಬರ್ ಒಂದೇ ಇರಲಿ. ಹಾಗೆ ಸಿಗದಿದ್ದರೆ ಒಂದೇ ಗೋಡೆಗೆ ಬಳಿಯುವ ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಿ. ಅರ್ಧ ಗೋಡೆಯಾದ ಮೇಲೆ ಹೊಸ ಡಬ್ಬಿ ತೆರೆದರೆ ಆ ಗೆರೆ ಹಗಲಿನಲ್ಲಿ ಕಾಣುವ ಸಾಧ್ಯತೆ ಇದೆ.

ತೀರ ಗಾಢ ಬಣ್ಣಗಳಲ್ಲಿ ಬಿಳಿಯ ಅಂಶ ಕಡಿಮೆಯಿರುವುದರಿಂದ ಅವು ಅಡಿಯ ಬಣ್ಣವನ್ನು ಸುಲಭವಾಗಿ ಮುಚ್ಚುವುದಿಲ್ಲ. ಅವುಗಳ ಅಡಿಗೆ ಬೂದು ಪ್ರೈಮರ್ ಹಚ್ಚುವುದು ಲೇಸು. ಆದರೂ ಮೂರನೆಯ ಕೋಟ್ ಬೇಕಾಗಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಎರಡು ಬಣ್ಣಗಳು ಕೂಡುವ ಮೂಲೆಯಲ್ಲಿ ಮೊದಲು ತಿಳಿ ಬಣ್ಣವನ್ನು ಮೂಲೆ ದಾಟಿ ತುಸು ಆಚೆಗೂ ಬಳಿದು ಪೂರ್ತಿ ಒಣಗಿಸಿ. ಟೇಪನ್ನು ತಿಳಿ ಬಣ್ಣದ ಗೋಡೆಯ ಕಡೆಗೆ ಅಂಟಿಸಿ, ಟೇಪಿನ ಅಂಚಿನ ಮೇಲೆ ಮತ್ತೆ ಅದೇ ತಿಳಿ ಬಣ್ಣವನ್ನು ತೆಳುವಾಗಿ ಎಳೆಯಿರಿ. ಟೇಪಿನ ಅಡಿಯ ಸಂದುಗಳನ್ನು ಅದು ಮುಚ್ಚುವುದರಿಂದ, ಆಮೇಲೆ ಹಚ್ಚುವ ಗಾಢ ಬಣ್ಣ ಒಳಗೆ ನುಗ್ಗುವುದಿಲ್ಲ. ಕೊನೆಯ ಕೋಟ್ ಇನ್ನೂ ತುಸು ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ.

ಮೊದಲ ಕೋಟ್ ಮುಗಿದ ಸಂಜೆ ಗೋಡೆ ತೇಪೆತೇಪೆಯಾಗಿ, ಹಲಗೆಗಿಂತ ತಿಳಿಯಾಗಿ ಕಂಡೇ ಕಾಣುತ್ತದೆ. ಬಣ್ಣವೇ ತಪ್ಪಾಯಿತು ಎಂದು ಕೆಲಸ ನಿಲ್ಲಿಸಿ ಬೇರೆ ಡಬ್ಬಿ ತರುವವರು ಎಡವುವುದು ಇಲ್ಲೇ. ಎರಡನೆಯ ಕೋಟ್ ಆಗಿ ಒಂದು ದಿನ ಕಳೆದ ಮೇಲೆ ಹಲಗೆಯನ್ನು ಗೋಡೆಗೆ ತಾಗಿಸಿ ಹಿಡಿಯಿರಿ. ಆಗಲೂ ಅಂಚು ಸ್ಪಷ್ಟವಾಗಿ ಬೇರೆಯಾಗಿ ಕಂಡರೆ ಮಾತ್ರ ಡಬ್ಬಿಯ ಶೇಡ್ ನಂಬರನ್ನು ಹಲಗೆಯ ಹಿಂದಿನ ಬರಹದೊಂದಿಗೆ ತಾಳೆ ನೋಡಿ.